ಕೀಲುನೋವಿನ ಅಳತೆಗೋಲುಗಳು: ತದಡಿಯ ದಂಡೆಯಿಂದ ಸಂಧಿವಾತ ಸಂಶೋಧನೆಯ ಒಂದು ಓದು

ವೈದ್ಯಕೀಯ ಸಂಶೋಧನೆಯ ಪ್ರಶ್ನಾವಳಿಯನ್ನು ಒಂದು ಪಠ್ಯವೆಂದು ಪರಿಗಣಿಸಿ ಓದುವ ರೂಢಿ ಕನ್ನಡ ವಿಮರ್ಶೆಯಲ್ಲಿ ಅಷ್ಟಾಗಿ ಬೆಳೆದಿಲ್ಲ. ರೋಗ, ಔಷಧ, ಚಿಕಿತ್ಸೆಗಳು ವಿಜ್ಞಾನದ ಪಾಲಿಗೆ. ನೋವು, ಬದುಕು, ಭಾಷೆಗಳು ಸಾಹಿತ್ಯದ ಪಾಲಿಗೆ ಎಂಬ ಅಲಿಖಿತ ಪಾಲುಪಟ್ಟಿಯೊಂದು ವಿದ್ವತ್ ವಲಯದಲ್ಲಿ ಚಾಲ್ತಿಯಲ್ಲಿದೆ. ರುಮಟಾಯ್ಡ್ ಸಂಧಿವಾತದ ಮಟ್ಟಿಗಾದರೂ ಈ ಪಾಲುಪಟ್ಟಿ ನಿಲ್ಲುವಂಥದ್ದಲ್ಲ. ಈ ಕಾಯಿಲೆಯ ತೀವ್ರತೆಯನ್ನು ಯಾವುದೇ ಒಂದು ರಕ್ತಪರೀಕ್ಷೆ ಪೂರ್ತಿಯಾಗಿ ಹೇಳಲಾರದು. ರೋಗಿಗೆ ಎಲ್ಲಿ ನೋಯುತ್ತದೆ, ಎಷ್ಟು ಹೊತ್ತು ಕೈಕಾಲು ಬಿಗಿದಿರುತ್ತದೆ, ಯಾವ ಕೆಲಸ ಸಾಗುತ್ತದೆ, ಯಾವುದು ಸಾಗದು ಎಂದು ಕೇಳಿ, ಬಂದ ಉತ್ತರವನ್ನು ಅಂಕಿಯಾಗಿ ಬದಲಿಸಿಕೊಂಡೇ ಸಂಶೋಧನೆ ಮುಂದುವರಿಯುತ್ತದೆ. ಹಾಗಿರುವಾಗ ಆ ಪ್ರಶ್ನೆ ಯಾರ ಮನೆಯಲ್ಲಿ, ಯಾರ ದುಡಿಮೆಯನ್ನು ಕಣ್ಣಮುಂದೆ ಇಟ್ಟುಕೊಂಡು ಹುಟ್ಟಿತು ಎಂಬ ವಿಚಾರಣೆ ವಿಮರ್ಶೆಗೆ ಹೊರಗಿನದೆಂದು ತೋರುವುದಿಲ್ಲ.

ಈ ವಿಚಾರಣೆಗೆ ಒಂದು ನಿರ್ದಿಷ್ಟ ನೆಲ ಬೇಕು. ಕುಮಟಾ ತಾಲ್ಲೂಕಿನ ತದಡಿ ಅಂತಹ ನೆಲ. ಅಘನಾಶಿನಿ ನದಿ ಅರಬ್ಬೀ ಸಮುದ್ರವನ್ನು ಸೇರುವಲ್ಲಿ, ಉತ್ತರ ದಡದಲ್ಲಿ ಈ ಮೀನುಗಾರಿಕಾ ಬಂದರು ಇದೆ. ಎದುರು ದಡದಲ್ಲಿ ನದಿಯ ಹೆಸರನ್ನೇ ಹೊತ್ತ ಗ್ರಾಮ. ಒಳಗೆ ಸರಿದರೆ ಸಾಣಿಕಟ್ಟೆಯ ಉಪ್ಪಿನಾಗರಗಳು, ಉಪ್ಪುನೀರನ್ನು ತಾಳಿಕೊಳ್ಳುವ ಕಗ್ಗ ಭತ್ತದ ಗಜನಿ ಭೂಮಿಗಳು. 2024ರಲ್ಲಿ ಅಘನಾಶಿನಿ ಅಳಿವೆ ರಾಮ್ಸರ್ ತಾಣಗಳ ಪಟ್ಟಿಗೆ ಸೇರಿದ ಮೇಲೆ ಇಲ್ಲಿನ ಹಕ್ಕಿ, ಕಾಂಡ್ಲಾ, ಚಿಪ್ಪಿಗಳ ಬಗ್ಗೆ ಸಾಕಷ್ಟು ಬರಹ ಬಂದಿದೆ. ಚಿಪ್ಪಿ ಹೆಕ್ಕುವವರ ಮೈಯ ಬಗ್ಗೆ ಬಂದದ್ದು ಕಡಿಮೆ. ಇಳಿತದ ಹೊತ್ತಿಗೆ ಮೊಣಕಾಲುಮಟ್ಟದ, ಕೆಲವೊಮ್ಮೆ ಸೊಂಟಮಟ್ಟದ ನೀರಿಗೆ ಇಳಿದು, ಕೆಸರನ್ನು ಬರಿಗಾಲಿನಲ್ಲಿ ತಡವಿ, ಬಾಗಿ, ಕೈಯಿಂದ ಹೆಕ್ಕುವ ಕೆಲಸವದು. ಬಂದರಿನಲ್ಲಿ ಮೀನು ವಿಂಗಡಿಸುವುದು, ತಲೆಯ ಮೇಲೆ ಬುಟ್ಟಿ ಹೊರುವುದು, ಕುಕ್ಕರಗಾಲಿನಲ್ಲಿ ಕುಳಿತು ಮೀನು ಕೊಯ್ಯುವುದು ಇವೆಲ್ಲವೂ ಕೀಲುಗಳ ದುಡಿಮೆಯೇ.

ಕಾಯಿಲೆ ಅಪರೂಪದ್ದೇನಲ್ಲ. ದಿಲ್ಲಿಯ ಸಮೀಪದ ಗ್ರಾಮೀಣ ವಯಸ್ಕರಲ್ಲಿ ಶೇ. 0.75 ಮಂದಿಗೆ ರುಮಟಾಯ್ಡ್ ಸಂಧಿವಾತವಿದೆಯೆಂದು ಮಾಳವೀಯ ಮತ್ತು ಸಂಗಡಿಗರ ಸಮೀಕ್ಷೆ 1993ರಲ್ಲಿ ವರದಿ ಮಾಡಿತು. ಪುಣೆ ಜಿಲ್ಲೆಯ ಭಿಗ್ವಣದಲ್ಲಿ ಅರವಿಂದ ಚೋಪ್ರಾ ಅವರ ತಂಡ 1996ರಲ್ಲಿ ಆರಂಭಿಸಿದ ಸಮೀಕ್ಷೆಯಲ್ಲಿ ಈ ಪ್ರಮಾಣ ಸುಮಾರು ಶೇ. 0.5. ಅಂದರೆ ನೂರೈವತ್ತು, ಇನ್ನೂರು ವಯಸ್ಕರಿಗೆ ಒಬ್ಬರು. ಅವರಲ್ಲಿ ಹೆಂಗಸರ ಸಂಖ್ಯೆ ಗಂಡಸರ ಎರಡು ಮೂರು ಪಟ್ಟು. ಕರ್ನಾಟಕದ ಹಲವು ಚಿಕಿತ್ಸಾಲಯಗಳ ಸಂಧಿರೋಗ ತಜ್ಞರು ಕೂಡಿ ನಡೆಸಿ 2017ರಲ್ಲಿ ಪ್ರಕಟಿಸಿದ ಅಧ್ಯಯನ ಈ ಕಾಯಿಲೆಯ ಜೊತೆಗೆ ಬರುವ ಇತರ ರೋಗಗಳನ್ನು ದಾಖಲಿಸಿದೆ. ಮೌಲಿಕ ಕೆಲಸವೇ ಹೌದು. ಆದರೆ ಚಿಕಿತ್ಸಾಲಯದಲ್ಲಿ ನಡೆಯುವ ಯಾವ ಎಣಿಕೆಯೂ ತಜ್ಞರ ಬಾಗಿಲಿಗೆ ಬಂದವರಿಂದಲೇ ಶುರುವಾಗುತ್ತದೆ ಎಂಬುದನ್ನು ಮರೆಯುವಂತಿಲ್ಲ.

ಈಗ ಪ್ರಶ್ನಾವಳಿಗೆ ಬರಬಹುದು. ಸಂಧಿವಾತ ಸಂಶೋಧನೆಯಲ್ಲಿ ಅತ್ಯಂತ ಹೆಚ್ಚು ಬಳಕೆಯಾಗಿರುವ ಆರೋಗ್ಯ ಮೌಲ್ಯಮಾಪನ ಪ್ರಶ್ನಾವಳಿಯನ್ನು ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಜೇಮ್ಸ್ ಫ್ರೈಸ್ ಮತ್ತು ಸಂಗಡಿಗರು 1980ರಲ್ಲಿ ಪ್ರಕಟಿಸಿದರು. ಎಂಟು ವಿಭಾಗ, 20 ಪ್ರಶ್ನೆ, ಸೊನ್ನೆಯಿಂದ ಮೂರರವರೆಗಿನ ಅಂಕ. ರೋಗಿಯ ಮಾತಿಗೆ ಪ್ರಯೋಗಾಲಯದ ಫಲಿತಾಂಶಕ್ಕೆ ಸಮನಾದ ಸ್ಥಾನ ಕೊಟ್ಟದ್ದು ಇದರ ಹಿರಿಮೆ. ಆ ಕಾಲಕ್ಕೆ ಅದು ಸಣ್ಣ ಸಂಗತಿಯಾಗಿರಲಿಲ್ಲ. ಪ್ರಶ್ನೆಗಳನ್ನು ಒಂದರ ಕೆಳಗೊಂದು ಓದಿಕೊಂಡು ಹೋದರೆ ಮಾತ್ರ ಅವುಗಳ ಹಿಂದೆ ಒಂದು ಮನೆ ಎದ್ದು ನಿಲ್ಲುತ್ತದೆ. ತಟ್ಟೆಯಲ್ಲಿನ ಮಾಂಸವನ್ನು ಕತ್ತರಿಸುವುದು, ಹಾಲಿನ ಹೊಸ ಪೊಟ್ಟಣ ಬಿಡಿಸುವುದು, ತೊಟ್ಟಿಯಲ್ಲಿ ಸ್ನಾನ ಮಾಡುವುದು, ಕಾರಿನ ಬಾಗಿಲು ತೆರೆಯುವುದು, ವ್ಯಾಕ್ಯೂಮ್ ಯಂತ್ರದಿಂದ ನೆಲ ಗುಡಿಸುವುದು. ಊಟದ ಮೇಜು, ಸ್ನಾನದ ತೊಟ್ಟಿ, ಕಾರು, ಅಂಗಳದ ಹುಲ್ಲು ಇರುವ ಈ ಮನೆ ಅಮೆರಿಕದ ಮಧ್ಯಮವರ್ಗದ್ದು. ಕಾದಂಬರಿಯೊಂದರಲ್ಲಿ ಇಂತಹ ವಿವರಗಳು ಬಂದಿದ್ದರೆ ಪಾತ್ರದ ವರ್ಗ, ದೇಶ, ಕಾಲಗಳನ್ನು ವಿಮರ್ಶಕರು ಆ ಕೂಡಲೇ ಗುರುತಿಸುತ್ತಿದ್ದರು. ಪ್ರಶ್ನಾವಳಿಯಲ್ಲಿ ಬಂದದ್ದರಿಂದ ಅದು ಮನುಷ್ಯದೇಹದ ಸಾಮಾನ್ಯ ಸಾಮರ್ಥ್ಯದ ಪಟ್ಟಿಯಾಗಿ ಸಲ್ಲುತ್ತದೆ.

ಭಾರತೀಯ ಸಂಶೋಧಕರಿಗೆ ಈ ತೊಡಕು ಕಾಣದೆ ಇರಲಿಲ್ಲ. ಅಶೋಕ್ ಕುಮಾರ್, ಮಾಳವೀಯ ಮತ್ತಿತರರು 2002ರಲ್ಲಿ ಪ್ರಕಟಿಸಿದ ಭಾರತೀಯ ಆವೃತ್ತಿಯಲ್ಲಿ ಪ್ರಶ್ನೆಗಳು ಹನ್ನೆರಡಕ್ಕೆ ಇಳಿದಿವೆ. ಸೀರೆ, ಧೋತರ, ಸಲ್ವಾರ್ ಉಡುವುದು ಬಂದಿದೆ. ಶೌಚಕ್ಕೆ ಕುಕ್ಕರಗಾಲಿನಲ್ಲಿ ಕೂರುವುದು ಅಥವಾ ನೆಲದ ಮೇಲೆ ಚಕ್ಕಳಮಕ್ಕಳ ಹಾಕುವುದು ಬಂದಿದೆ. ಕಾರಿನ ಜೊತೆಗೆ ಆಟೋರಿಕ್ಷಾ ಹತ್ತಿ ಇಳಿಯುವುದೂ, ಮೂರು ಕಿಲೋಮೀಟರ್ ನಡೆಯುವುದೂ, ತರಕಾರಿ ಮಾರುಕಟ್ಟೆಗೆ ಹೋಗಿ ಬರುವುದೂ ಬಂದಿವೆ. ಇದನ್ನು ಅನುವಾದ ಎನ್ನುವುದಕ್ಕಿಂತ ರೂಪಾಂತರ ಎನ್ನುವುದೇ ಸರಿ. ಪದಕ್ಕೆ ಪದ ಇಡುವ ಬದಲು ಒಂದು ಬದುಕಿನ ಜಾಗದಲ್ಲಿ ಇನ್ನೊಂದು ಬದುಕನ್ನು ಇಟ್ಟ ಈ ಕೆಲಸದಲ್ಲಿ ಕನ್ನಡದ ಅನುವಾದಕರೂ ಕಲಿಯಬೇಕಾದದ್ದಿದೆ.

ಆದರೂ ರೂಪಾಂತರ ಮನೆಯನ್ನು ಬದಲಿಸಿತೇ ಹೊರತು ದುಡಿಮೆಯನ್ನು ಒಳಗೆ ಬಿಟ್ಟುಕೊಳ್ಳಲಿಲ್ಲ. ಹನ್ನೆರಡು ಪ್ರಶ್ನೆಗಳ ರೋಗಿ ಮಾರುಕಟ್ಟೆಗೆ ಕೊಳ್ಳಲು ಹೋಗುತ್ತಾಳೆ, ಮಾರಲು ಹೋಗುವುದಿಲ್ಲ. ಬಟ್ಟೆ ಎತ್ತಿಕೊಳ್ಳಲು ಒಮ್ಮೆ ಬಾಗುತ್ತಾಳೆ. ಇಡೀ ಇಳಿತದುದ್ದಕ್ಕೂ ಬಾಗಿರುವುದಿಲ್ಲ. ಸಮನೆಲದಲ್ಲಿ ನಡೆಯುತ್ತಾಳೆ, ಕೆಸರಿನಲ್ಲಿ ಕಾಲು ಹೂತು ಕೀಳುವುದಿಲ್ಲ. ತದಡಿಯ ಮೀನುಗಾರ ಹೆಂಗಸೊಬ್ಬಳು ಈ ಹನ್ನೆರಡಕ್ಕೂ ತೊಂದರೆಯಿಲ್ಲ ಎಂದು ಉತ್ತರಿಸಿಯೂ ಆ ದಿನದ ಕೂಲಿಯನ್ನು ಕಳೆದುಕೊಂಡಿರಬಹುದು. ಆಗ ಅಂಕಿ ಸೊನ್ನೆಯನ್ನು ತೋರಿಸುತ್ತದೆ, ಮನೆ ಸಾಲವನ್ನು ತೋರಿಸುತ್ತದೆ. ಎಲ್ಲ ಕಸುಬುಗಳನ್ನೂ ಒಳಗೊಳ್ಳುವ ಪ್ರಶ್ನಾವಳಿ ಅಸಾಧ್ಯ, ಹೋಲಿಕೆಗೆ ಸಾಮಾನ್ಯ ಅಳತೆಯೊಂದು ಬೇಕು ಎಂಬ ಸಮರ್ಥನೆಯಲ್ಲಿ ಹುರುಳಿದೆ. ಆದರೆ ಸಾಮಾನ್ಯವೆಂದು ಆಯ್ದುಕೊಂಡದ್ದು ಪ್ರತಿ ಸಲವೂ ಕೂಲಿಯಿಲ್ಲದ ಮನೆಗೆಲಸವೇ ಆಗಿರುವುದನ್ನು ಆಕಸ್ಮಿಕವೆಂದು ಬಿಡುವುದು ಕಷ್ಟ.

ಎರಡನೆಯ ಅಳತೆಗೋಲು ಕೀಲುಗಳ ಎಣಿಕೆ. 1995ರಿಂದ ಬಳಕೆಗೆ ಬಂದ ‘ಡಾಸ್ 28’ ಎಂಬ ಸೂಚ್ಯಂಕ 28 ಕೀಲುಗಳನ್ನು ಮುಟ್ಟಿ, ನೋವು ಮತ್ತು ಬಾವನ್ನು ಎಣಿಸಿ, ಅದಕ್ಕೆ ರಕ್ತದ ಇಎಸ್‌ಆರ್ ಪರೀಕ್ಷೆಯನ್ನೂ ರೋಗಿಯ ಒಟ್ಟಾರೆ ಅಭಿಪ್ರಾಯವನ್ನೂ ಸೇರಿಸಿ ಒಂದು ಸಂಖ್ಯೆಯನ್ನು ಕೊಡುತ್ತದೆ. 5.1ಕ್ಕಿಂತ ಮೇಲಿದ್ದರೆ ರೋಗ ಉಗ್ರ, 2.6ಕ್ಕಿಂತ ಕೆಳಗಿಳಿದರೆ ಉಪಶಮನ. ಹೆಗಲು, ಮೊಣಕೈ, ಮಣಿಕಟ್ಟು, ಬೆರಳುಗಳು, ಮಂಡಿ ಇವಿಷ್ಟೇ ಆ 28. ಹಿಮ್ಮಡಿಯ ಗಂಟಾಗಲಿ ಪಾದದ ಕೀಲುಗಳಾಗಲಿ ಅದರಲ್ಲಿಲ್ಲ. ಪರೀಕ್ಷೆ ಬೇಗ ಮುಗಿಯಬೇಕು, ಪಾದದ ಬಾವನ್ನು ಖಚಿತವಾಗಿ ಗುರುತಿಸುವುದು ಕಠಿಣ ಎಂಬ ಕಾರಣಗಳನ್ನು ಕೊಡಲಾಗಿದೆ. ಸೋಜಿಗವೆಂದರೆ, ಅಮೆರಿಕ ಮತ್ತು ಯುರೋಪಿನ ಸಂಧಿರೋಗ ಸಂಘಟನೆಗಳು ಒಟ್ಟಾಗಿ 2010ರಲ್ಲಿ ರೂಪಿಸಿದ ರೋಗವರ್ಗೀಕರಣದ ಮಾನದಂಡಗಳಲ್ಲಿ ಹೆಬ್ಬೆರಳನ್ನು ಬಿಟ್ಟು ಉಳಿದ ನಾಲ್ಕು ಕಾಲ್ಬೆರಳುಗಳ ಬುಡದ ಕೀಲುಗಳು ಎಣಿಕೆಗೆ ಸಲ್ಲುತ್ತವೆ. ರೋಗವನ್ನು ಗುರುತಿಸುವ ದಿನ ಸಾಕ್ಷಿ ಹೇಳಿದ ಪಾದವನ್ನು, ರೋಗ ಶಮನವಾಯಿತೇ ಎಂದು ತೀರ್ಮಾನಿಸುವ ದಿನ ಯಾರೂ ಕರೆಯುವುದಿಲ್ಲ. ಪಾದದಲ್ಲಿ ಉರಿಯೂತ ಉಳಿದಿರುವಾಗಲೇ ಸೂಚ್ಯಂಕ ಉಪಶಮನವನ್ನು ಘೋಷಿಸಬಹುದೆಂದು ಪಾಶ್ಚಾತ್ಯ ಸಂಶೋಧಕರೇ ತೋರಿಸಿದ್ದಾರೆ. ಬೂಟು ಹಾಕಿ ಕುರ್ಚಿಯಲ್ಲಿ ಕೂರುವವರಿಗೆ ಇದು ಸಣ್ಣ ದೋಷವಾಗಿ ಕಂಡೀತು. ಅಘನಾಶಿನಿಯ ಕೆಸರಿನಲ್ಲಿ ಪಾದವೇ ಕಣ್ಣು.

‘ಬೆಳಗಿನ ಬಿಗಿತ’ದ ಕಥೆ ಇನ್ನೊಂದು ಬಗೆಯದು. 1987ರ ಅಮೆರಿಕನ್ ಮಾನದಂಡಗಳಲ್ಲಿ ಕನಿಷ್ಠ ಒಂದು ಗಂಟೆಯ ಬೆಳಗಿನ ಬಿಗಿತ ಒಂದು ಲಕ್ಷಣವಾಗಿತ್ತು. 2010ರ ಪರಿಷ್ಕರಣೆಯಲ್ಲಿ ಅದನ್ನು ಕೈಬಿಡಲಾಯಿತು. ಕನ್ನಡದಲ್ಲಿ ಈ ಅನುಭವಕ್ಕೆ ಮಾತಿನ ಬಡತನವಿಲ್ಲ: ಬಿಗಿತ, ಪೆಡಸು, ಹಿಡಿದುಕೊಳ್ಳುವುದು, ಮರಗಟ್ಟುವುದು, ಸೆಳೆತ, ಚಳುಕು ಎಂದು ಒಂದೊಂದಕ್ಕೂ ಬೇರೆ ಬೇರೆ ಅರ್ಥಚ್ಛಾಯೆಗಳಿವೆ. ಗಡಿಯಾರದ ಗಂಟೆಯೇ ಇಲ್ಲಿ ಅಷ್ಟಾಗಿ ಹೊಂದುವುದಿಲ್ಲ. ಇಳಿತದ ಹೊತ್ತು ದಿನದಿಂದ ದಿನಕ್ಕೆ ಸುಮಾರು 50 ನಿಮಿಷ ಮುಂದೆ ಸರಿಯುವ ದಂಡೆಯಲ್ಲಿ ಬೆಳಗು ಎಂಬುದು ನೀರು ನಿರ್ಧರಿಸುವ ಸಂಗತಿ. ಬಿಗಿತ ಬಿಡಲು ಒಂದು ಗಂಟೆ ಕಾದರೆ ಹೋಗುವುದು ಆ ದಿನದ ಇಳಿತದ ಒಂದು ಗಂಟೆ.

ಅಳತೆ ಮತ್ತು ಹೆಸರಿನ ಪ್ರಶ್ನೆ ಕರ್ನಾಟಕದಲ್ಲಿ ಅತ್ಯಂತ ತೀಕ್ಷ್ಣವಾಗಿ ಎದ್ದದ್ದು ಈ ಕರಾವಳಿಯಲ್ಲಲ್ಲ, ಅದರ ಬೆನ್ನಿಗಿರುವ ಮಲೆನಾಡಿನಲ್ಲಿ. ಹೊನ್ನಾವರದಿಂದ ಗೇರುಸೊಪ್ಪೆಯ ಘಟ್ಟ ಹತ್ತಿದರೆ ಸಿಗುವ ಸಾಗರ ತಾಲ್ಲೂಕಿನ ಹಂದಿಗೋಡಿನಲ್ಲಿ 1970ರ ದಶಕದ ಮಧ್ಯಭಾಗದಲ್ಲಿ ಸೊಂಟದ ಕೀಲು ಸವೆದು, ನಡೆ ಕುಂಟಾಗಿ, ಕೆಲವರ ಎತ್ತರವೇ ಕುಗ್ಗಿಹೋಗಿದ್ದ ಕುಟುಂಬಗಳು ವೈದ್ಯರ ಗಮನಕ್ಕೆ ಬಂದವು. ಬಾಧಿತರು ಬಹುಪಾಲು ಚನ್ನಂಗಿ ಮತ್ತು ಛಲವಾದಿ ಸಮುದಾಯಗಳ ಕೃಷಿಕೂಲಿಗಳು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ಭಟ್ ಮತ್ತು ಕೃಷ್ಣಮಾಚಾರಿ 1977ರಲ್ಲಿ ಇದನ್ನು ಮಲೆನಾಡಿನ ಕೌಟುಂಬಿಕ ಸಂಧಿವಾತವೆಂದು ವರ್ಣಿಸಿದರು. ಕೀಟನಾಶಕ ಬಿದ್ದ ಗದ್ದೆಗಳ ಏಡಿ, ಮೀನುಗಳ ಮೇಲೆ ಮೊದಲು ಸಂಶಯ ಹೋಯಿತು. ಲಖನೌದ ಎಸ್.ಎಸ್. ಅಗರ್‌ವಾಲ್ ಮತ್ತು ಸಂಗಡಿಗರು 1994ರಲ್ಲಿ ಪ್ರಕಟಿಸಿದ ಕ್ಷಕಿರಣ ಅಧ್ಯಯನ ಇದು ಉರಿಯೂತದ ಸಂಧಿವಾತವಲ್ಲ, ಬೆನ್ನುಹುರಿಯ ಕಶೇರುಗಳೂ ಎಲುಬಿನ ತುದಿಗಳೂ ಸರಿಯಾಗಿ ಬೆಳೆಯದಿರುವ ಆನುವಂಶಿಕ ದೋಷವೆಂದು ತೋರಿಸಿತು. ದಕ್ಷಿಣ ಆಫ್ರಿಕಾದ ಎಂಸೆಲೆನಿ ಕೀಲುರೋಗದೊಡನೆ ಇದನ್ನು ಹೋಲಿಸಿದವರೂ ಇದ್ದಾರೆ.

ವಿಜ್ಞಾನದ ದೃಷ್ಟಿಯಿಂದ ಇದು ಮುನ್ನಡೆ. ವಿಮರ್ಶೆ ಗಮನಿಸಬೇಕಾದದ್ದು ಹೆಸರುಗಳ ಪಯಣವನ್ನು. ಆಹಾರವನ್ನು ಸಂಶಯಿಸಿದಾಗ ರೋಗಿಗಳ ಬಡತನ ಚರ್ಚೆಯ ನಡುವೆ ಇತ್ತು: ಗದ್ದೆಯ ಏಡಿಯನ್ನು ತಿನ್ನುವವರು ಯಾರು, ಏಕೆ ಎಂಬ ಪ್ರಶ್ನೆ ತಪ್ಪುತ್ತಿರಲಿಲ್ಲ. ವಂಶವಾಹಿಯನ್ನು ಕಂಡುಕೊಂಡ ಮೇಲೆ ಆ ಪ್ರಶ್ನೆ ಹಿಂದೆ ಸರಿದು ಸಮುದಾಯದ ಒಳಮದುವೆ ಮುಂದೆ ಬಂತು. ಕಾರಣದ ವಿವರಣೆ ಸರಿಯಾಯಿತು. ಅದರ ಜೊತೆಗೆ ಹೊಣೆಯ ಭಾರ ಸದ್ದಿಲ್ಲದೆ ರೋಗಿಗಳ ಹೆಗಲಿಗೆ ದಾಟಿತು. ಊರಿನ ಹೆಸರು ಮಾತ್ರ ರೋಗಕ್ಕೆ ಅಂಟಿಕೊಂಡೇ ಉಳಿಯಿತು. 1957ರಲ್ಲಿ ಕ್ಯಾಸನೂರಿನ ಹೆಸರನ್ನೂ ಹೀಗೆಯೇ ಮಂಗನ ಕಾಯಿಲೆಗೆ ಕೊಟ್ಟ ಜಿಲ್ಲೆ ಇದು. ಹೊಸ ರೋಗಗಳಿಗೆ ಊರಿನ ಹೆಸರಿಡಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಸೂಚಿಸಿತು. ಹಂದಿಗೋಡಿನ ಪಾಲಿಗೆ ಅದು ನಾಲ್ಕು ದಶಕ ತಡವಾಗಿತ್ತು.

2006ರ ಚಿಕುನ್‌ಗುನ್ಯಾ ಇದೇ ಗೊಂದಲವನ್ನು ಬೇರೆ ರೀತಿಯಲ್ಲಿ ತಂದಿತು. ಆ ವರ್ಷ ದೇಶದಲ್ಲಿ ವರದಿಯಾದ ಸುಮಾರು 13.9 ಲಕ್ಷ ಶಂಕಿತ ಪ್ರಕರಣಗಳಲ್ಲಿ ಅರ್ಧಕ್ಕಿಂತ ಹೆಚ್ಚು ಕರ್ನಾಟಕದವು. ಜ್ವರ ಇಳಿದು ತಿಂಗಳುಗಳಾದರೂ ಕೀಲುನೋವು ಉಳಿದವರಲ್ಲಿ ಕೆಲವರು ರುಮಟಾಯ್ಡ್ ಸಂಧಿವಾತದ ರೋಗಿಗಳಂತೆಯೇ ಕಾಣುತ್ತಾರೆ. ಅಂತಹವರಲ್ಲಿ ಅಂಕಗಳ ಪಟ್ಟಿಗಿಂತ ರೋಗಿ ಹೇಳುವ ಜ್ವರದ ಕಥೆಯೇ ಹೆಚ್ಚು ನಂಬಲರ್ಹ.

ಚಿಕಿತ್ಸೆಯ ಸಂಶೋಧನೆಯಲ್ಲಿ ಸದ್ದು ಮಾಡಿದ ಸುದ್ದಿಗೂ ಉಪಯೋಗಕ್ಕೆ ಬರುವ ಸುದ್ದಿಗೂ ಅಂತರವಿದೆ. 1998ರಲ್ಲಿ ಎಟನರ್‌ಸೆಪ್ಟ್‌ಗೆ ಅಮೆರಿಕದಲ್ಲಿ ಅನುಮತಿ ದೊರೆತಂದಿನಿಂದ ದುಬಾರಿ ಜೈವಿಕ ಔಷಧಗಳೇ ಲೇಖನಗಳನ್ನು ಆವರಿಸಿವೆ. ನುಂಗುವ ಮಾತ್ರೆಯಾದ ಟೋಫಾಸಿಟಿನಿಬ್ ಬಂದಾಗ ದೊಡ್ಡ ಭರವಸೆಯಿತ್ತು; ಹೃದಯಾಘಾತ ಮತ್ತು ಕ್ಯಾನ್ಸರಿನ ಅಪಾಯವನ್ನು 2022ರ ಅಧ್ಯಯನ ತೋರಿಸಿದ ಮೇಲೆ ಅದು ತಗ್ಗಿತು. ರೋಗ ಪೂರ್ತಿ ಕಾಣಿಸಿಕೊಳ್ಳುವ ಮೊದಲೇ ಅಬಾಟಸೆಪ್ಟ್ ಕೊಟ್ಟು ತಡೆಯಬಹುದೇ ಎಂದು ಕೇಳಿದ ಎರಡು ಪ್ರಯೋಗಗಳು 2024ರಲ್ಲಿ ಪ್ರಕಟವಾಗಿವೆ; ಔಷಧ ನಡೆಯುವಷ್ಟು ಕಾಲ ಲಾಭ ಸ್ಪಷ್ಟ, ನಿಲ್ಲಿಸಿದ ಮೇಲೆ ಅದು ಕ್ರಮೇಣ ಕರಗುತ್ತದೆ. ಕೊಯಮತ್ತೂರಿನಲ್ಲಿ ಆಯುರ್ವೇದ ಚಿಕಿತ್ಸೆಯನ್ನು ಮೆಥೊಟ್ರೆಕ್ಸೇಟ್‌ನೊಡನೆ ಹೋಲಿಸಿದ 2011ರ ಪ್ರಯೋಗದ ವಿನ್ಯಾಸ ಅಚ್ಚುಕಟ್ಟು, ಆದರೆ 43 ರೋಗಿಗಳಿಂದ ತೀರ್ಮಾನಕ್ಕೆ ಬರಲಾಗದು.

ತದಡಿಯ ಮಟ್ಟಿಗೆ ಇವೆಲ್ಲಕ್ಕಿಂತ ಮುಖ್ಯವಾದದ್ದು ಓಡೆಲ್ ಮತ್ತು ಸಂಗಡಿಗರು 2013ರಲ್ಲಿ ಪ್ರಕಟಿಸಿದ ಪ್ರಯೋಗ. ಮೆಥೊಟ್ರೆಕ್ಸೇಟ್ ಸಾಲದೆ ಹೋದ 353 ರೋಗಿಗಳಲ್ಲಿ ಒಂದು ಗುಂಪಿಗೆ ಸಲ್ಫಸಲಜೀನ್ ಮತ್ತು ಹೈಡ್ರಾಕ್ಸಿಕ್ಲೋರೊಕ್ವಿನ್ ಸೇರಿಸಲಾಯಿತು, ಇನ್ನೊಂದಕ್ಕೆ ಎಟನರ್‌ಸೆಪ್ಟ್. 48 ವಾರಗಳ ಕೊನೆಯಲ್ಲಿ ಹಳೆಯ, ಅಗ್ಗದ ಮೂರು ಮಾತ್ರೆಗಳು ದುಬಾರಿ ಚುಚ್ಚುಮದ್ದಿಗಿಂತ ಕೀಳಾಗಿರಲಿಲ್ಲ. ಸುಧಾರಿತ ಆಸ್ಪತ್ರೆಗಾಗಿ 2022ರಲ್ಲಿ ಬೀದಿಗಿಳಿಯಬೇಕಾಗಿ ಬಂದ, ತಜ್ಞರಿಗಾಗಿ ಮಣಿಪಾಲ, ಮಂಗಳೂರು, ಹುಬ್ಬಳ್ಳಿ, ಗೋವೆಗೆ ಹೋಗುವ ಉತ್ತರ ಕನ್ನಡ ಜಿಲ್ಲೆಗೆ ಇದು ದೊಡ್ಡ ಸುದ್ದಿಯಾಗಬೇಕಿತ್ತು. ಒಂದು ಎಚ್ಚರ ಜೊತೆಗಿದೆ: ಮೆಥೊಟ್ರೆಕ್ಸೇಟ್ ವಾರಕ್ಕೊಮ್ಮೆ ನುಂಗುವ ಮದ್ದು, ದಿನವೂ ನುಂಗಿ ಪ್ರಾಣ ಕಳೆದುಕೊಂಡ ಪ್ರಕರಣಗಳು ವೈದ್ಯಕೀಯ ಸಾಹಿತ್ಯದಲ್ಲಿ ಮತ್ತೆ ಮತ್ತೆ ಬರುತ್ತವೆ. ಚೀಟಿಯಲ್ಲಿ ವಾರದ ದಿನದ ಹೆಸರನ್ನು ಕನ್ನಡದಲ್ಲಿ ಬರೆಯುವುದು ಇಲ್ಲಿ ಭಾಷಾಭಿಮಾನದ ಮಾತಲ್ಲ.

ಆ ಪ್ರಯೋಗದ ಅಳತೆಯೂ ‘ಡಾಸ್ 28’ ಆಗಿತ್ತು. ಎರಡೂ ಗುಂಪುಗಳಲ್ಲಿ ಪಾದವನ್ನು ಸಮನಾಗಿ ಬಿಟ್ಟಿರುವುದರಿಂದ ಔಷಧಗಳ ನಡುವಿನ ಹೋಲಿಕೆಗೆ ಧಕ್ಕೆಯಿಲ್ಲ. ಆದರೆ ಅದೇ ಸೂಚ್ಯಂಕವನ್ನು ಒಬ್ಬ ರೋಗಿಯ ಚೀಟಿಯ ಮೇಲೆ ಬರೆದು, 2.6ಕ್ಕಿಂತ ಕೆಳಗಿಳಿದಿದೆ ಎಂದು ಮಾತ್ರೆ ತಗ್ಗಿಸುವಾಗ ಹೋಲಿಕೆಗೆ ಇನ್ನೊಂದು ಗುಂಪು ಇರುವುದಿಲ್ಲ. ಎದುರಿಗೆ ಚಪ್ಪಲಿಯನ್ನು ಬಾಗಿಲ ಹೊರಗೆ ಬಿಟ್ಟು ಬಂದ ಒಬ್ಬಳೇ ಇರುತ್ತಾಳೆ.