ಅಂಶ ಉಂಟು, ಛೇದ ಎಲ್ಲಿ?

ಕೆಂಗೇರಿ ದಾಟಿ ಬೆಂಗಳೂರು-ಮೈಸೂರು ದಶಪಥದ ಬಾಯಿಗೆ ಬಂದ ಬೈಕು ಸರ್ವಿಸ್ ರಸ್ತೆಗೆ ಇಳಿಯಲೇಬೇಕು. 2023ರ ಆಗಸ್ಟ್ 1ರಿಂದ ಮುಖ್ಯ ಪಥದಲ್ಲಿ ಬೈಕು, ಆಟೊ, ಟ್ರ್ಯಾಕ್ಟರ್‌ಗೆ ಜಾಗವಿಲ್ಲ. ಪೊಲೀಸರ ಲೆಕ್ಕದಲ್ಲಿ ಆ ವರ್ಷ ಈ ಹೆದ್ದಾರಿಯಲ್ಲಿ ಸತ್ತವರು 188, ಮರುವರ್ಷ 50. ‘ಬೈಕ್ ತೆಗೆದದ್ದೇ ಮದ್ದು’ ಎಂಬ ತೀರ್ಪು ಹುಟ್ಟಿದ್ದು ಹೀಗೆ.

ಇಳಿಕೆ ಸುಳ್ಳಲ್ಲ, ಹೆಣ ಬಚ್ಚಿಡುವುದು ಕಷ್ಟ. ಆದರೆ ತಿಂಗಳ ಲೆಕ್ಕ ಬಿಡಿಸಿದರೆ ತೀರ್ಪು ಅಲ್ಲಾಡುತ್ತದೆ: 2023ರ ಮೇನಲ್ಲಿ 29, ಜೂನ್‌ನಲ್ಲಿ 28, ಜುಲೈನಲ್ಲಿ 8. ನಿಷೇಧಕ್ಕೆ ಮೊದಲೇ ಸಾವು ಕುಸಿದಿತ್ತು. ಆ ಜುಲೈನಲ್ಲಿ ಪೊಲೀಸರು ರಾಡಾರ್ ಗನ್ ಹಿಡಿದು, ಗಂಟೆಗೆ 100 ಕಿ.ಮೀ. ಮೀರಿದವರಿಗೆ ದಂಡ ಹಾಕುತ್ತಿದ್ದರು. ಹೊಗಳಿಕೆ ಮಾತ್ರ ನಿಷೇಧದ ಪಾಲಾಯಿತು.

ಬೈಕಿನ ಮೇಲಿನ ದೂರಿಗೆ ಇನ್ನೊಂದು ಆಧಾರವಿದೆ. 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತ 1,68,491 ಮಂದಿಯಲ್ಲಿ 74,897 ಜನ ದ್ವಿಚಕ್ರದವರು. ನೂರಕ್ಕೆ ನಲವತ್ತನಾಲ್ಕು! ಆದರೆ ನೋಂದಾಯಿತ ವಾಹನಗಳಲ್ಲಿ ಸುಮಾರು ಮುಕ್ಕಾಲು ಪಾಲು ದ್ವಿಚಕ್ರವೇ. ಹಾಗೆ ಭಾಗಿಸಿದರೆ ಬೈಕೇ ಸುರಕ್ಷಿತ ಎಂದಾಗಿಬಿಡುತ್ತದೆ. ಇದೂ ಹುಚ್ಚು ಲೆಕ್ಕವೇ: ಗುಜರಿಗೆ ಹೋದ ಗಾಡಿಯೂ ಆ ಪಟ್ಟಿಯಲ್ಲಿ ಜೀವಂತ. ಯಾವ ವಾಹನ ಎಷ್ಟು ಕಿಲೋಮೀಟರ್ ಓಡಿತು ಎಂಬ ಛೇದವಿಲ್ಲದೆ ಬೈಕು ಹೆಚ್ಚೋ ಕಾರು ಹೆಚ್ಚೋ ಎಂದು ಕೇಳುವುದೇ ವ್ಯರ್ಥ.

ಇನ್ನು ಅಂಶವಾದರೂ ಗಟ್ಟಿಯೇ? ಅದೇ ವರ್ಷ ಕೇರಳದಲ್ಲಿ 43,910 ಅಪಘಾತ, 4,317 ಸಾವು. ಬಿಹಾರದಲ್ಲಿ 10,801 ಅಪಘಾತ, 8,898 ಸಾವು. ನೂರು ಅಪಘಾತಕ್ಕೆ ಕೇರಳದಲ್ಲಿ ಹತ್ತು ಸಾವು, ಬಿಹಾರದಲ್ಲಿ ಎಂಬತ್ತೆರಡು. ಬಿಹಾರದವರ ಮೂಳೆ ಮೆತ್ತಗೇನಲ್ಲ. ಸಾವಿಲ್ಲದ ಅಪಘಾತಗಳು ಅಲ್ಲಿ ಠಾಣೆಯ ಪುಸ್ತಕಕ್ಕೆ ಅಷ್ಟಾಗಿ ಬರುವುದಿಲ್ಲ, ಅಷ್ಟೆ. ನಮ್ಮ ಕರ್ನಾಟಕದ್ದು 39,762ಕ್ಕೆ 11,702, ಅಂದರೆ ಸುಮಾರು 29. ಕೇರಳದ ಪಕ್ಕ ಇಟ್ಟು ನೋಡಿದರೆ ನಮ್ಮ ಪುಸ್ತಕದಲ್ಲೂ ಖಾಲಿ ಹಾಳೆಗಳು ಕಡಿಮೆಯೇನಿಲ್ಲ ಎನಿಸುತ್ತದೆ.

ಹಾಗಾಗಿ ದಶಪಥದಿಂದ ಇಳಿದ ಬೈಕಿನವರು ಸುರಕ್ಷಿತರಾದರೋ, ಇಲ್ಲ ಅವರ ಬೀಳುವಿಕೆ ಬರೀ ಪಕ್ಕದ ರಸ್ತೆಗೆ ವರ್ಗವಾಯಿತೋ ಎಂಬುದಕ್ಕೆ ಮುಖ್ಯ ಪಥದ ಅಂಕಿ ಉತ್ತರ ಕೊಡಲಾರದು. ಸಂಜೆ ಕುಂಬಳಗೋಡಿನ ಕಡೆ ಸರ್ವಿಸ್ ರಸ್ತೆಯಲ್ಲಿ ಎರಡು ಸ್ಕೂಟರ್ ತಾಗುತ್ತವೆ. ಕನ್ನಡಿ ಒಡೆಯುತ್ತದೆ, ಮೊಣಕಾಲು ತರಚುತ್ತದೆ, ಗುಂಪು ಸೇರುತ್ತದೆ. ‘ಕಂಪ್ಲೇಂಟ್ ಯಾಕೆ ಬಿಡಿ ಸಾರ್, ಕಾಂಪ್ರಮೈಸ್ ಆಗೋಣ.’ ಐನೂರು ರೂಪಾಯಿ ಕೈ ಬದಲಾಗಿ, ಇಬ್ಬರೂ ಕಿಕ್ ಹೊಡೆದು ಹೊರಡುತ್ತಾರೆ.