ಅವಸರವಿಲ್ಲದ ಕಾಡುದಾರಿ

ನಮ್ಮ ಮನಗೂಳಿಯ ಎರೆಹೊಲದಾಗ ಬೆಳೆದವರಿಗೂ ಮಲೆನಾಡಿನ ಕಾಲುದಾರಿ ಪರಿಚಯವಾಗುವುದು ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ ಕಾದಂಬರಿ (1967) ಓದಿದಾಗ. ಅದರಲ್ಲಿ ಗುತ್ತಿ ತನ್ನ ನಾಯಿ ಹುಲಿಯನ ಜೊತೆ ನಡೆಯುತ್ತಲೇ ಇರುತ್ತಾನೆ. ದಾರಿಯಲ್ಲಿ ಸಿಕ್ಕವರ ಮನೆಯೊಳಕ್ಕೂ ಕಥೆ ಹೊಕ್ಕುಬಿಡುತ್ತದೆ. ಗುತ್ತಿ–ತಿಮ್ಮಿ, ಮುಕುಂದಯ್ಯ–ಚಿನ್ನಮ್ಮ, ಐತ–ಪೀಂಚಲು: ಯಾವ ಜೋಡಿಯೂ ಇನ್ನೊಂದರ ನೆರಳಲ್ಲ. ಒಡೆಯರ ಜಗಲಿಯಲ್ಲಿ ಕೂತಷ್ಟೇ ವ್ಯವಧಾನದಿಂದ ಕುವೆಂಪು ದುಡಿಯುವವರ ಬಿಡಾರದಲ್ಲೂ ಕೂರುತ್ತಾರೆ. ಆ ನಿಧಾನದಲ್ಲಿ ನನಗೆ ಕಾಣುವುದು ನ್ಯಾಯ. ನಾಯಿ ಹುಲಿಯ ತುಂಗಾ ನದಿಯ ಪಾಲಾದಾಗ ಕರುಳು ಚುರ್ರೆನ್ನುವುದು ನಾವೂ ಅದರ ಹಿಂದೆ ಅಷ್ಟು ದೂರ ನಡೆದಿರುವುದಕ್ಕೇ. 2010ರಲ್ಲಿ ಮೈಸೂರಿನ ರಂಗಾಯಣದಲ್ಲಿ ಸಿ. ಬಸವಲಿಂಗಯ್ಯ ಈ ಕಾದಂಬರಿಯನ್ನು ಇಡೀ ರಾತ್ರಿಯ ನಾಟಕವಾಗಿಸಿದರು. ಬೆಳತನಕ ಬಯಲಾಟ ನೋಡುವ ನಮ್ಮ ಕಡೆಯ ಮಂದಿಗೆ ಆ ಉದ್ದ ಹೊಸದೇನಲ್ಲ.