ಸಾಲಿನ ಮೇಲಿನ ಕನ್ನಡ: ಸೇಡಂ–ಚಿತ್ತಾಪುರ ಪರಿಸರದ ಇಂಗ್ಲಿಷ್ ಸಾಹಿತ್ಯ ವಿದ್ಯಾರ್ಥಿಯ ಓದು ಮತ್ತು ಬರವಣಿಗೆ

ಕನ್ನಡದಲ್ಲಿ ಬರವಣಿಗೆಯ ಸ್ವರೂಪವನ್ನು ಚರ್ಚಿಸುವ, ಉಪಲಬ್ಧವಿರುವ ಮೊದಲ ಗ್ರಂಥವಾದ ‘ಕವಿರಾಜಮಾರ್ಗ’ವು ಒಂಬತ್ತನೆಯ ಶತಮಾನದಲ್ಲಿ ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಆಸ್ಥಾನದಲ್ಲಿ ರಚಿತವಾಯಿತು. ಅವನ ರಾಜಧಾನಿಯಾಗಿದ್ದ ಮಾನ್ಯಖೇಟವೇ ಇಂದಿನ ಮಳಖೇಡ. ಕಾಗಿಣಾ ನದಿಯ ದಂಡೆಯ, ಸೇಡಂ ತಾಲೂಕಿಗೆ ಸೇರಿದ ಊರು. ಈ ಸಂಗತಿಯನ್ನು ಅಭಿಮಾನದಿಂದ ಸ್ಮರಿಸುವ ಬರಹಗಳಿಗೆ ಕೊರತೆಯಿಲ್ಲ. ಆದರೆ ಆ ಕೃತಿಯ ಕರ್ತೃವೆಂದು ವಿದ್ವಾಂಸರು ಒಪ್ಪಿರುವ ಶ್ರೀವಿಜಯನು ಮೂಲತಃ ಪರಭಾಷಾ ಸಾಹಿತ್ಯದ ವಿದ್ಯಾರ್ಥಿಯಾಗಿದ್ದನೆಂಬ ಅಂಶ ಅಷ್ಟಾಗಿ ಗಮನಕ್ಕೆ ಬಂದಂತಿಲ್ಲ. ದಂಡಿಯ ‘ಕಾವ್ಯಾದರ್ಶ’ವನ್ನು ಎದುರಿಗಿಟ್ಟುಕೊಂಡು ಅವನು ಕೇಳಿದ ಪ್ರಶ್ನೆಗಳು ಬೇರೆಯೇ ಆಗಿದ್ದವು: ಈ ಲಕ್ಷಣ ಕನ್ನಡಕ್ಕೆ ಒಗ್ಗುತ್ತದೆಯೇ? ಸಂಸ್ಕೃತದ ಪದ ಎಲ್ಲಿ ಸಲ್ಲುತ್ತದೆ, ಎಲ್ಲಿ ಸಲ್ಲದು? ಕನ್ನಡದ್ದೇ ಆದ ಚತ್ತಾಣ, ಬೆದಂಡೆಗಳಿಗೆ ಯಾವ ಸ್ಥಾನ? ಶಾಸ್ತ್ರವನ್ನು ಓದದ ಜನರಲ್ಲಿಯೂ ಕಾವ್ಯಪ್ರಯೋಗದ ಪರಿಣತಿ ಇದೆಯೆಂಬುದನ್ನು ಅವನು ಮನಗಂಡಿದ್ದ. ಓದಿದ್ದನ್ನು ತನ್ನ ಜನರ ನುಡಿಯ ಎದುರು ನಿಲ್ಲಿಸಿ ನೋಡಿದ್ದರಿಂದಲೇ ಆ ಗ್ರಂಥ ಹುಟ್ಟಿತು.

ಅದೇ ಸೀಮೆಯ ಕಾಲೇಜುಗಳಲ್ಲಿ ಇಂದು ಇಂಗ್ಲಿಷ್ ಸಾಹಿತ್ಯವನ್ನು ಐಚ್ಛಿಕವಾಗಿ ಓದುವ ವಿದ್ಯಾರ್ಥಿಗೆ ಅಂತಹ ಪ್ರಶ್ನೆಗಳನ್ನು ಕೇಳುವ ಅವಕಾಶವೇ ದೊರೆಯುವುದಿಲ್ಲ. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿಗಳ ಈ ವಿದ್ಯಾರ್ಥಿಗಳಲ್ಲಿ ಮನೆತನದಲ್ಲಿಯೇ ಮೊದಲು ಕಾಲೇಜು ಮೆಟ್ಟಿಲು ಹತ್ತಿದವರು ಅನೇಕರಿದ್ದಾರೆ. ಇವರು ಸಾಹಿತ್ಯವನ್ನು ಓದುತ್ತಾರೆ, ಉತ್ತರವನ್ನು ಬರೆಯುತ್ತಾರೆ. ಈ ಎರಡರ ನಡುವೆ ಇವರದೇ ಆದ ಬರವಣಿಗೆಯೊಂದು ನಡೆಯುತ್ತಿದೆ. ಅದು ಪರೀಕ್ಷಕರಿಗೂ ಕಂಡಿಲ್ಲ, ಜಾನಪದ ಸಂಗ್ರಾಹಕರಿಗೂ ಕಂಡಿಲ್ಲ.

ಈ ಪ್ರದೇಶದ ಭಾಷಾಚರಿತ್ರೆಯನ್ನು ಸಂಕ್ಷಿಪ್ತವಾಗಿ ನೆನೆಯಬೇಕು. 1948ರವರೆಗೆ ಇದು ಹೈದರಾಬಾದ್ ಸಂಸ್ಥಾನದ ಭಾಗವಾಗಿತ್ತು. ಆಡಳಿತದ ಭಾಷೆ ಉರ್ದು. 1918ರಲ್ಲಿ ಸ್ಥಾಪನೆಯಾದ ಉಸ್ಮಾನಿಯಾ ವಿಶ್ವವಿದ್ಯಾಲಯದ ಬೋಧನಾ ಮಾಧ್ಯಮವೂ ಉರ್ದುವೇ. ಇಂಗ್ಲಿಷ್ ಅಲ್ಲಿ ಕಡ್ಡಾಯ ವಿಷಯವಾಗಿತ್ತೇ ಹೊರತು ಕನ್ನಡದೊಡನೆ ಅದಕ್ಕೆ ಮುಖಾಮುಖಿಯಾಗಲಿಲ್ಲ. 1956ರ ಏಕೀಕರಣದ ನಂತರ, 1970ರಲ್ಲಿ ಕಲಬುರಗಿಯಲ್ಲಿ ಕರ್ನಾಟಕ ವಿಶ್ವವಿದ್ಯಾಲಯದ ಸ್ನಾತಕೋತ್ತರ ಕೇಂದ್ರ, 1980ರಲ್ಲಿ ಗುಲಬರ್ಗಾ ವಿಶ್ವವಿದ್ಯಾಲಯ ಬಂದವು. ಮೈಸೂರು ಸೀಮೆಯಲ್ಲಿ ಇಂಗ್ಲಿಷ್ ಪ್ರಾಧ್ಯಾಪಕರಾಗಿದ್ದ ಬಿ.ಎಂ.ಶ್ರೀಯವರು 1926ರಲ್ಲಿ ‘ಇಂಗ್ಲಿಷ್ ಗೀತಗಳು’ ಪ್ರಕಟಿಸಿದಾಗ, ಸೇಡಂನ ಹುಡುಗನಿಗೆ ಶಾಲೆಯಲ್ಲಿ ಕನ್ನಡ ಓದುವುದೇ ದುರ್ಲಭವಾಗಿತ್ತು. ಗೋಕಾಕ, ಶಾಂತಿನಾಥ ದೇಸಾಯಿ, ಅನಂತಮೂರ್ತಿ, ಲಂಕೇಶ್ ಮೊದಲಾದ ಇಂಗ್ಲಿಷ್ ಅಧ್ಯಾಪಕರು ಕನ್ನಡದ ಲೇಖಕರಾದ ಪರಂಪರೆ ಮೈಸೂರು, ಮುಂಬಯಿ ಪ್ರಾಂತಗಳಲ್ಲಿ ಬೆಳೆಯಿತು. ಈ ಭಾಗದ ಬಹುಮುಖ್ಯ ಬರಹಗಾರರಾದ ಚಿತ್ತಾಪುರ ತಾಲೂಕಿನ ಶಂಕರವಾಡಿಯ ಚೆನ್ನಣ್ಣ ವಾಲೀಕಾರರು ಕನ್ನಡ ವಿಭಾಗದಿಂದ ಬಂದವರೆಂಬುದು ಆಕಸ್ಮಿಕವೇನಲ್ಲ.

ಇಂಗ್ಲಿಷ್ ಈ ಊರುಗಳಿಗೆ ತರಗತಿಗಿಂತ ಮೊದಲು ಹಳಿಯ ಮೇಲೆ ಬಂದಿತು. 1874ರಲ್ಲಿ ವಾಡಿ–ಸಿಕಂದರಾಬಾದ್ ರೈಲುಮಾರ್ಗ ತೆರೆಯಿತು. ಶಹಾಬಾದಿನಲ್ಲಿಯೂ ವಾಡಿಯಲ್ಲಿಯೂ ಸಿಮೆಂಟ್ ಕಾರ್ಖಾನೆಗಳು ಬಂದವು. ಟೇಸನ್, ಸಿಗ್ನಲ್, ಶಿಫ್ಟು, ಗೇಟುಗಳು ಪರಸಿಕಲ್ಲಿನ ಗಣಿಯಲ್ಲಿ ದುಡಿಯುವವರ ಮಾತಿನಲ್ಲಿ ಯಾವ ಅಳುಕೂ ಇಲ್ಲದೆ ಬೆರೆತಿವೆ. ಆ ಇಂಗ್ಲಿಷಿನ ಬಗ್ಗೆ ಯಾರಿಗೂ ಭಯವಿಲ್ಲ. ಕಾಲೇಜಿನ ಇಂಗ್ಲಿಷಿನ ಭಯ ಬೇರೆ ಬಗೆಯದು.

ಪಠ್ಯಪುಸ್ತಕವನ್ನೇ ನೋಡಬೇಕು. ಮುದ್ರಿತ ಇಂಗ್ಲಿಷ್ ಸಾಲಿನ ಮೇಲೆ ಪೆನ್ಸಿಲಿನಲ್ಲಿ ಕನ್ನಡ ಅಕ್ಷರಗಳಲ್ಲಿ ಉಚ್ಚಾರ, ಅದರ ಬದಿಗೆ ಅರ್ಥ, ಅಂಚಿನಲ್ಲಿ ಅಧ್ಯಾಪಕರು ಹೇಳಿದ ಒಂದು ಉಪಮೆ, ಕೆಲವೊಮ್ಮೆ ಊರಿನದೇ ಒಂದು ಗಾದೆ. ಇದನ್ನು ಅಧ್ಯಾಪಕ ವರ್ಗ ದೌರ್ಬಲ್ಯವೆಂದು ಪರಿಗಣಿಸುತ್ತದೆ. ವಾಸ್ತವವಾಗಿ ಇದು ಹಳೆಯ ಟೀಕಾಪದ್ಧತಿಯ ಮುಂದುವರಿಕೆ. ಸಂಸ್ಕೃತ ಗ್ರಂಥಗಳಿಗೆ ಕನ್ನಡ ಟೀಕೆಗಳನ್ನು ಬರೆದವರು ಪದಾರ್ಥ, ಅನ್ವಯ, ತಾತ್ಪರ್ಯಗಳ ಕ್ರಮವನ್ನೇ ಅನುಸರಿಸಿದ್ದರು. ಭಜನಾ ಮೇಳದಲ್ಲಿ ಕಡಕೋಳ ಮಡಿವಾಳಪ್ಪನವರ ತತ್ವಪದವನ್ನು ಹಾಡಿ, ನಡುವೆ ನಿಲ್ಲಿಸಿ, ನುಡಿಯ ಒಳಗುಟ್ಟನ್ನು ಬಿಡಿಸಿ ಹೇಳುವ ಹಿರಿಯನ ಕ್ರಮವೂ ಇದೇ. ವ್ಯತ್ಯಾಸವಿಷ್ಟೇ: ಟೀಕಾಕಾರನ ಟೀಕೆ ಗ್ರಂಥವಾಗಿ ಉಳಿಯಿತು, ಮೇಳದ ಹಿರಿಯನ ವಿವರಣೆ ಕೇಳಿದವರ ಬಾಳಿನಲ್ಲಿ ಉಳಿಯಿತು, ವಿದ್ಯಾರ್ಥಿಯ ಟೀಕೆಯಾದರೋ ಪರೀಕ್ಷೆಯ ಕೋಣೆಯ ಹೊರಗೇ ಉಳಿಯುತ್ತದೆ. ಉತ್ತರಪತ್ರಿಕೆಯಲ್ಲಿ ಅದರ ಒಂದು ಪದವೂ ಇರುವುದಿಲ್ಲ. ಅಲ್ಲಿರುವುದು ಗೈಡಿನ ಇಂಗ್ಲಿಷ್.

ಪದವಿ ಪಠ್ಯಗಳಲ್ಲಿ ಮತ್ತೆ ಮತ್ತೆ ಕಾಣಿಸಿಕೊಳ್ಳುವ ವರ್ಡ್ಸ್‌ವರ್ತನ ‘ದಿ ಸಾಲಿಟರಿ ರೀಪರ್’ ಕವಿತೆಯನ್ನು ಈ ದೃಷ್ಟಿಯಿಂದ ಪರಿಶೀಲಿಸಬಹುದು. 1805ರಲ್ಲಿ ರಚಿತವಾಗಿ 1807ರಲ್ಲಿ ಪ್ರಕಟವಾದ ಈ ಕವಿತೆಯಲ್ಲಿ ಸ್ಕಾಟ್ಲೆಂಡಿನ ಬೆಟ್ಟಸೀಮೆಯ ಹೆಣ್ಣುಮಗಳೊಬ್ಬಳು ಒಬ್ಬಳೇ ಪೈರು ಕೊಯ್ಯುತ್ತ ಹಾಡುತ್ತಾಳೆ. ದಾರಿಹೋಕನಾದ ಕವಿಗೆ ಆ ಭಾಷೆ ತಿಳಿಯದು. ಅವಳೇನು ಹಾಡುತ್ತಿದ್ದಾಳೆಂದು ಊಹಿಸುತ್ತಾನೆ, ಉತ್ತರ ಸಿಗದೆ ಮುಂದೆ ಸಾಗುತ್ತಾನೆ. ಇನ್ನೊಂದು ಅಂಶವನ್ನು ಗಮನಿಸಬೇಕು. ಕವಿತೆಯ ಪ್ರೇರಣೆ ಥಾಮಸ್ ವಿಲ್ಕಿನ್ಸನ್ ಎಂಬ ಗೆಳೆಯನ ಪ್ರವಾಸದ ಹಸ್ತಪ್ರತಿಯ ಒಂದು ವಾಕ್ಯ. ಎಂದರೆ ಅವಳ ಹಾಡು ಇನ್ನೊಬ್ಬನ ಕಿವಿಯ ಮೂಲಕ, ಬರಹದ ಮೂಲಕ ಕವಿಗೆ ದಕ್ಕಿದೆ.

ಗೈಡುಗಳು ಈ ಕವಿತೆಗೆ ಪ್ರಕೃತಿಪ್ರೇಮ, ಸರಳತೆ, ಸ್ಮೃತಿಗಳ ಮಹತ್ವ ಎಂಬ ಸಿದ್ಧ ಉತ್ತರಗಳನ್ನು ಒದಗಿಸುತ್ತವೆ. ವಿದ್ಯಾರ್ಥಿನಿ ಅವನ್ನು ಕಂಠಪಾಠ ಮಾಡುತ್ತಾಳೆ. ಇವಳ ತಾಯಿ ಜೋಳದ ಸುಗ್ಗಿಯಲ್ಲಿ ಕುಡುಗೋಲು ಹಿಡಿದವಳಾಗಿರಬಹುದು, ತೊಗರಿಯ ಹೊಲದಲ್ಲಿ ಕೂಲಿಗೆ ಹೋದವಳಾಗಿರಬಹುದು. ಬೀಸುವ, ಕುಟ್ಟುವ, ಕೊಯ್ಯುವ ಹಾಡು ಇವಳ ಕಿವಿಗೆ ಬಿದ್ದಿರುವುದು ಅಸಂಭವವಲ್ಲ. ಕವಿತೆಯೊಳಗೆ ಇವಳು ನಿಲ್ಲಬೇಕಾದ ಜಾಗ ಕವಿಯ ಪಕ್ಕದಲ್ಲಿಲ್ಲ, ಕೊಯ್ಯುವವಳ ಪಕ್ಕದಲ್ಲಿದೆ. ಹಾಡಿನ ಅರ್ಥ ತಿಳಿಯದ ದಾರಿಹೋಕನಿಗೆ ಆ ದುಃಖ ಸುಂದರವಾಗಿ ಕೇಳಿಸುತ್ತದೆ. ಅರ್ಥ ತಿಳಿದವಳಿಗೆ ಅದು ಅತ್ತೆಮನೆಯ ಕಷ್ಟವೋ ಬರಗಾಲದ ನೆನಪೋ ಆಗಿರುತ್ತದೆ. ಒಂಟಿಯಾಗಿ ಕೊಯ್ಯುವವಳ ಚಿತ್ರವೂ ಇಲ್ಲಿನವರಿಗೆ ಸಹಜವೆನಿಸದು. ಕೊಯ್ಲು ಸಾಲುಹಿಡಿದು ಮಾಡುವ ಕೆಲಸ. ಹಾಡನ್ನು ಒಬ್ಬಳು ಎತ್ತಿಕೊಂಡರೆ ಉಳಿದವರು ಹಿಂದೆ ಹಿಡಿಯುತ್ತಾರೆ. ಅವಳು ಒಬ್ಬಳೇ ಏಕಿದ್ದಾಳೆ ಎಂಬ ಪ್ರಶ್ನೆಯನ್ನು ಸೇಡಂನ ಹೊಲದ ಅನುಭವವುಳ್ಳವರು ಕೇಳಬಲ್ಲರು. ವಿಮರ್ಶೆ ಆರಂಭವಾಗುವುದು ಅಲ್ಲಿಂದಲೇ. ಆ ಪ್ರಶ್ನೆಗೆ ಅಂಕಗಳಿಲ್ಲ.

ಜಾನಪದ ವಿದ್ವಾಂಸರು ಇಲ್ಲೊಂದು ಸುಲಭ ತೀರ್ಮಾನಕ್ಕೆ ಬರುವ ಅಪಾಯವಿದೆ. ಜನಪದವೆಂದರೆ ಸೃಜನಶೀಲ, ಕಾಲೇಜೆಂದರೆ ಕಂಠಪಾಠ ಎಂಬ ವಿಂಗಡಣೆ ಸರಿಯಲ್ಲ. ತತ್ವಪದಕಾರನೂ ಮೊದಲು ಕಂಠಪಾಠ ಮಾಡಿಯೇ ಕಲಿಯುತ್ತಾನೆ. ಗುರುವಿನ ಧಾಟಿ ಗಂಟಲಿಗೆ ಇಳಿಯುವವರೆಗೆ ಅವನಿಗೆ ಸ್ವಂತ ಪದವಿಲ್ಲ. ಆದರೆ ಅವನ ಕಲಿಕೆ ಅಲ್ಲಿಗೆ ಮುಗಿಯುವುದಿಲ್ಲ. ಗೀಗೀ ಮೇಳಗಳ ಹರದೇಶಿ–ನಾಗೇಶಿ ಸ್ಪರ್ಧೆಯಲ್ಲಿ ಎದುರು ಮೇಳದ ಸವಾಲಿಗೆ ಜವಾಬು ಹಾಡಲೇಬೇಕು. ನೆನಪಿನಲ್ಲಿರುವ ಪುರಾಣ, ಒಗಟು, ಧಾಟಿಗಳೆಲ್ಲ ಅಲ್ಲಿ ಬಂಡವಾಳ. ಜವಾಬು ಮಾತ್ರ ಆ ರಾತ್ರಿಯದು. ಪರೀಕ್ಷೆಯೂ ಪ್ರಶ್ನೋತ್ತರವೇ. ಅಲ್ಲಿ ಪ್ರಶ್ನೆ ಮೊದಲೇ ಗೊತ್ತಿರುತ್ತದೆ, ಉತ್ತರ ಇನ್ನೊಬ್ಬರದಾಗಿರುತ್ತದೆ, ಕೇಳುಗರಿರುವುದಿಲ್ಲ. ಕಂಠಪಾಠದ ಶ್ರಮ ಎರಡೂ ಕಡೆ ಸಮಾನ. ಒಂದು ಕಡೆ ಅದು ಬರವಣಿಗೆಗೆ ಹೊಸ್ತಿಲಾಗುತ್ತದೆ, ಇನ್ನೊಂದು ಕಡೆ ಬರವಣಿಗೆಯ ಸ್ಥಾನವನ್ನೇ ಆಕ್ರಮಿಸುತ್ತದೆ. ಹೀಗಾಗಿ ಮೂರು ವರ್ಷ ಸಾಹಿತ್ಯ ಓದಿದ ಪದವೀಧರನು ಇಂಗ್ಲಿಷಿನಲ್ಲಿ ಸ್ವಂತದ ಒಂದು ಪುಟವನ್ನು ಬರೆಯಲಾರ. ಕನ್ನಡದಲ್ಲಿ ಬರೆಯಲು ಅವನನ್ನು ಯಾರೂ ಕೇಳಿರುವುದಿಲ್ಲ.

ಓದಿನ ಅಸಮಾಧಾನವನ್ನೇ ಬರವಣಿಗೆಯಾಗಿಸಿದ ನಿದರ್ಶನಗಳು ಹೊರಗಿವೆ. ನೈಜೀರಿಯಾದ ಇಬಾದಾನ್‌ನಲ್ಲಿ ಸಾಹಿತ್ಯದ ವಿದ್ಯಾರ್ಥಿಯಾಗಿದ್ದ ಚಿನುವಾ ಅಚೆಬೆಗೆ ಜಾಯ್ಸ್ ಕ್ಯಾರಿಯ ‘ಮಿಸ್ಟರ್ ಜಾನ್ಸನ್’ ಕಾದಂಬರಿ ತನ್ನ ಜನರನ್ನು ಚಿತ್ರಿಸಿದ ರೀತಿ ಒಪ್ಪಿಗೆಯಾಗಲಿಲ್ಲ. 1958ರ ‘ಥಿಂಗ್ಸ್ ಫಾಲ್ ಅಪಾರ್ಟ್’ ಕಾದಂಬರಿಯ ಹಿಂದೆ ಆ ಒಪ್ಪದಿರುವಿಕೆಯಿದೆ. ಕರ್ನಾಟಕದಲ್ಲಿಯೇ 1950ರ ದಶಕದಲ್ಲಿ ಬೆಳಗಾವಿಯಲ್ಲಿ ಇಂಗ್ಲಿಷ್ ಕಲಿಸುತ್ತಿದ್ದ ಎ.ಕೆ. ರಾಮಾನುಜನ್ ಕನ್ನಡದ ಜನಪದ ಕಥೆಗಳನ್ನು ಸಂಗ್ರಹಿಸಿದರು. ಅವರ ಕನ್ನಡ ಕಥೆಗಳ ಇಂಗ್ಲಿಷ್ ಸಂಕಲನ ಮರಣೋತ್ತರವಾಗಿ 1997ರಲ್ಲಿ ಹೊರಬಂದಿತು. ಇಂಗ್ಲಿಷ್ ತರಗತಿ ಮತ್ತು ಅಜ್ಜಿಯ ಕಥೆ ಒಂದೇ ಊರಿನಲ್ಲಿವೆಯೆಂಬುದನ್ನು ಅವರು ಕಂಡುಕೊಂಡಿದ್ದರು.

ಕಲ್ಯಾಣ ಕರ್ನಾಟಕದ ಜಾನಪದ ಸಂಗ್ರಾಹಕರು ಈ ಸತ್ಯವನ್ನು ಅಲಕ್ಷಿಸಿದ್ದಾರೆ. ಅವರು ಅಜ್ಜಿಯ ಹಾಡನ್ನು ಧ್ವನಿಮುದ್ರಿಸಿಕೊಂಡರು. ಅದೇ ಮನೆಯ ಕಟ್ಟೆಯ ಮೇಲೆ ಕುಳಿತು ಷೇಕ್ಸ್‌ಪಿಯರನ ಸಾಲಿಗೆ ಕನ್ನಡದಲ್ಲಿ ಅರ್ಥ ಬರೆಯುತ್ತಿದ್ದ ಮೊಮ್ಮಗಳ ನೋಟುಬುಕ್ಕನ್ನು ತೆರೆಯಲಿಲ್ಲ. ಮೌಖಿಕ ಪರಂಪರೆ ಬರಹದೊಡನೆ ಸಂಧಿಸುವ ಜೀವಂತ ದಾಖಲೆ ಅದು. ಪ್ರತಿ ವರ್ಷ ಪರೀಕ್ಷೆ ಮುಗಿದೊಡನೆ ಅಂತಹ ಪುಸ್ತಕಗಳು ರದ್ದಿಗೆ ಹೋಗುತ್ತವೆ.

ಚಿಂಚೋಳಿಯ ತಾಂಡಾಗಳಿಂದ ಬರುವ ಲಂಬಾಣಿ ವಿದ್ಯಾರ್ಥಿಯ ಪುಸ್ತಕ ಇನ್ನೂ ಸಂಕೀರ್ಣವಾದುದು. ಮನೆಯ ಮಾತಿಗೆ ಸ್ವಂತ ಲಿಪಿಯಿಲ್ಲ. ಕನ್ನಡ ಅವನಿಗೆ ಶಾಲೆಯಲ್ಲಿ ದಕ್ಕಿದ ಭಾಷೆ. ಗಡಿಯಾಚೆಯ ತೆಲುಗು, ಪೇಟೆಯ ದಖನಿ ಎರಡೂ ಕಿವಿಗೆ ಪರಿಚಿತ. ಇಂಗ್ಲಿಷ್ ಸಾಲಿನ ಅರ್ಥವನ್ನು ಅವನು ಕನ್ನಡದಲ್ಲಿ ಬರೆದುಕೊಳ್ಳುತ್ತಾನೆ. ಕನ್ನಡದ ಪದ ಒದಗದಿದ್ದಲ್ಲಿ ತನ್ನ ತಾಯಿಯ ಪದವನ್ನು ಕನ್ನಡ ಅಕ್ಷರದಲ್ಲಿಯೇ ಇಡುತ್ತಾನೆ. ಆ ಪದ ಯಾವ ನಿಘಂಟಿನಲ್ಲಿಯೂ ಇಲ್ಲದಿರಬಹುದು. ಪರೀಕ್ಷೆಯ ಹಿಂದಿನ ರಾತ್ರಿ, ಪುಸ್ತಕವನ್ನು ಮುಂದಿನ ತರಗತಿಯವರಿಗೆ ಅರ್ಧ ಬೆಲೆಗೆ ಮಾರುವ ಉದ್ದೇಶದಿಂದ, ಅವನು ಆ ಪದವನ್ನು ರಬ್ಬರಿನಿಂದ ಅಳಿಸುತ್ತಾನೆ.